ಬಾಗಿಲ ಚೀಲದ ಮೇಲೆ ಟೆಸ್ಸಾಳ ಹೆಸರು

ಅಮರಿಲೊ, ಟೆಕ್ಸಾಸ್
2 ಮಾರ್ಚ್ 2009

ಕೊರಿನ್,

ಫೋನ್ ಬೇಡ, ಪತ್ರವೇ ಸಾಕು ಎಂದು ಹೋದ ವರ್ಷ ನಾವಿಬ್ಬರೂ ಮಾಡಿಕೊಂಡ ಒಪ್ಪಂದವನ್ನು ನಾನು ಮುರಿಯುತ್ತಿಲ್ಲ. ಫೋನಿನಲ್ಲಾದರೆ ಐದನೇ ನಿಮಿಷಕ್ಕೆ ನಮ್ಮಿಬ್ಬರಲ್ಲಿ ಒಬ್ಬಳು ರಿಸೀವರ್ ಕುಕ್ಕಿಬಿಡುತ್ತಾಳೆ. ಪತ್ರವನ್ನು ಕುಕ್ಕಲು ಬರುವುದಿಲ್ಲ, ಅಷ್ಟೇ ಅದರ ಲಾಭ.

ಆದೇಶ ಬಂದಿದೆ. ನಮ್ಮ ಮೀಸಲು ಪಡೆಯ ಲಾರಿ ತುಕಡಿ ಜುಲೈ ಮೊದಲ ವಾರ ಇರಾಕಿಗೆ ಹೊರಡುತ್ತದೆ. ಹನ್ನೊಂದು ತಿಂಗಳು. ನಾನು ಒಂಟಿ ತಾಯಿ, ಹಾಗಾಗಿ ಅಷ್ಟು ದಿನ ಟೆಸ್ಸಾಳನ್ನು ಯಾರು ನೋಡಿಕೊಳ್ಳುತ್ತಾರೆಂದು ಸೇನೆಗೆ ಬರೆದುಕೊಡಬೇಕು. ಹೆಸರು, ವಿಳಾಸ, ನೋಟರಿಯ ಎದುರು ಹಾಕಿದ ಸಹಿ. ಮೇ ಹದಿನೈದರೊಳಗೆ ಕಾಗದ ನನ್ನ ಕ್ಯಾಪ್ಟನ್ ಮೇಜಿನ ಮೇಲಿರಬೇಕು. ಅದರ ಜೊತೆಗೇ ಉಯಿಲು ಕೂಡ ಬರೆಯಿಸುತ್ತಾರೆ. ನಾನು ವಾಪಸ್ಸು ಬರದಿದ್ದರೆ ಅವಳು ಯಾರ ಹತ್ತಿರ ಬೆಳೆಯಬೇಕು ಅಂತ. ಎರಡಕ್ಕೂ ಒಂದೇ ಹೆಸರು ಇದ್ದರೆ ಒಳ್ಳೆಯದು ಅಂದರು ವಕೀಲರು.

ಅವಳಪ್ಪನ ಸುದ್ದಿ ಬಿಡು, ಅಲಾಸ್ಕಾದ ಯಾವ ಮೂಲೆಯಲ್ಲಿದ್ದಾನೋ. ಅವನ ತಾಯಿ ವಿಲ್ಮಾ ನೆಬ್ರಾಸ್ಕಾದಲ್ಲಿದ್ದಾರೆ. ಎಪ್ಪತ್ತೊಂದು ವರ್ಷ, ಗಟ್ಟಿ ಜೀವ. ನಾನು ಬಾಯಿ ಬಿಡುವ ಮೊದಲೇ ಒಪ್ಪಿದರು. ಇನ್ನೊಬ್ಬಳು ನೀನು, ನನ್ನ ಅಕ್ಕ. ನನಗೆ ಯಾರಾದರೂ ಸರಿ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಬರೆ.

ಡಾರ್ಲಾ

—

ಡೇಟನ್, ಒಹಾಯೊ
14 ಮಾರ್ಚ್ 2009

ಪ್ರೀತಿಯ ಡಾರ್ಲಾ,

ನಿನ್ನ ಪತ್ರವನ್ನು ಬಟ್ಟೆ ಅಂಗಡಿಯ ಕೌಂಟರಿನಲ್ಲೇ ಓದಿದೆ. ಓದುತ್ತ ಓದುತ್ತ ಯಾರದೋ ಪರದೆ ಬಟ್ಟೆಯನ್ನು ಅರ್ಧ ಗಜ ಕಡಿಮೆ ಕತ್ತರಿಸಿದೆ. ಹದಿನೆಂಟು ವರ್ಷದ ಕೆಲಸದಲ್ಲಿ ಇದು ಮೊದಲ ಸಲ.

ಇರಾಕಿನ ವಿಷಯ ಏನು ಬರೆಯಲಿ. ಟೆಸ್ಸಾಳ ವಿಷಯಕ್ಕೆ ಈಗಲೇ ಉತ್ತರ ಹೇಳಲಾರೆ, ಬೈಯಬೇಡ. ನಮ್ಮ ಮನೆ ನಿನಗೆ ಗೊತ್ತು. ಗ್ಲೆನ್ ಪಿಯಾನೊ ಶ್ರುತಿ ಮಾಡುವವನು. ಫ್ರಿಜ್ ಗುಂಯ್‌ಗುಟ್ಟಿದರೂ ಅದು ಯಾವ ಸ್ವರ ಅಂತ ಹುಡುಕುತ್ತ ಕೂರುತ್ತಾನೆ. ನಾನು ಟವೆಲನ್ನು ಮೂರು ಮಡಿಕೆ ಮಾಡುವವಳು, ಎರಡು ಮಡಿಕೆ ಮಾಡಿದರೆ ಬಿಚ್ಚಿ ಮತ್ತೆ ಮಡಿಸುವವಳು. ಇಪ್ಪತ್ತು ವರ್ಷ ಗಂಡ ಹೆಂಡತಿ ಇಬ್ಬರೇ ಇದ್ದು ಇಬ್ಬರಿಗೂ ಅದೇ ರೂಢಿಯಾಗಿದೆ. ಮಕ್ಕಳು ಬೇಡ ಅಂತ ನಾವೇ ತೀರ್ಮಾನಿಸಿದ್ದು, ಅದಕ್ಕಾಗಿ ಒಂದು ದಿನವೂ ಅತ್ತವರಲ್ಲ. ಜನ ನಂಬುವುದಿಲ್ಲ, ನೀನಾದರೂ ನಂಬು.

ಏಪ್ರಿಲ್ ಹದಿನೆಂಟಕ್ಕೆ ನಾವಿಬ್ಬರೂ ಫ್ಲೋರಿಡಾದಿಂದ ಏಳು ದಿನ ಹಡಗಿನಲ್ಲಿ ಹೋಗುತ್ತಿದ್ದೇವೆ. ಕುಟುಂಬಗಳಿಗೆಂದೇ ಇರುವ ಹಡಗು, ಜಾರುಬಂಡಿ, ಮಕ್ಕಳನ್ನು ನಗಿಸುವ ವೇಷದವರು, ಎಲ್ಲ ಇದೆಯಂತೆ. ವಾಪಸ್ಸು ಬಂದ ಮೇಲೆ ಖಂಡಿತ ಹೇಳುತ್ತೇನೆ.

ಕೊರಿನ್

—

ಅಮರಿಲೊ
25 ಮಾರ್ಚ್ 2009

ಕೊರಿನ್,

ಮಕ್ಕಳ ಹಡಗಿಗೆ ಮಕ್ಕಳಿಲ್ಲದೆ ಹೋಗುತ್ತೀರಾ? ಟೆಸ್ಸಾ ನಿನ್ನ ಪತ್ರವನ್ನು ನನಗಿಂತ ಮೊದಲೇ ಓದಿದಳು, ನನ್ನದೇ ತಪ್ಪು, ಅಡುಗೆಮನೆ ಮೇಜಿನ ಮೇಲೆ ಬಿಟ್ಟಿದ್ದೆ. "ಆಂಟಿ ಕೊರಿನ್ ಜಾರುಬಂಡಿ ಆಡ್ತಾರಾ?" ಅಂತ ಕೇಳಿದಳು. ಇಲ್ಲ, ಪಕ್ಕದಲ್ಲಿ ನಿಂತು ಟವೆಲ್ ಮಡಿಸುತ್ತಾರೆ ಅಂದೆ.

ನಾನು ಕೇಳಿದ್ದು ಹೌದು, ಇಲ್ಲ. ನೀನು ಕೊಟ್ಟಿದ್ದು ಹಾರಿಕೆ. ಹೋಗಿ ಬಾ.

ಡಾ.

—

ಹಡಗಿನಿಂದ, ಸಮುದ್ರದಲ್ಲಿ
20 ಏಪ್ರಿಲ್ 2009

ಡಾರ್ಲಾ,

ಇದನ್ನು ನಾಳೆ ಕೊಜುಮೆಲ್‌ನಲ್ಲಿ ಅಂಚೆಗೆ ಹಾಕುತ್ತೇನೆ, ಎಂದು ತಲುಪುತ್ತದೋ ಮೆಕ್ಸಿಕೊದವರಿಗೇ ಗೊತ್ತು. ಮೂರನೇ ದಿನ ಇದು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದೇನೆ. ನಾಲ್ಕನೇ ಡೆಕ್ಕನ್ನು ಮೂರು ಸಲ ಸುತ್ತಿದರೆ ಒಂದು ಮೈಲಿ. ಈ ದಿನ ಬೆಳಗಿನಿಂದ ನಾಲ್ಕು ಮೈಲಿ ಆಯಿತು.

ಹಡಗಿನಲ್ಲಿ ಎರಡು ಸಾವಿರದ ಚಿಲ್ಲರೆ ಜನ, ಅದರಲ್ಲಿ ಅರ್ಧ ಜನ ನನ್ನ ಸೊಂಟಕ್ಕಿಂತ ಕೆಳಗಿದ್ದಾರೆ. ಲಿಫ್ಟಿನಲ್ಲಿ ಎಲ್ಲ ಗುಂಡಿಯೂ ಒತ್ತಿರುತ್ತದೆ. ಐಸ್‌ಕ್ರೀಮ್ ಯಂತ್ರದ ಹಿಡಿಕೆ ಸದಾ ಅಂಟಂಟು. ಗದ್ದಲ ಕಡಿಮೆ ಇರುತ್ತದೆಂದು ರಾತ್ರಿಯೂಟಕ್ಕೆ ತಡವಾಗಿ ಬಡಿಸುವ ಪಂಕ್ತಿ ಆರಿಸಿಕೊಂಡೆವು. ಮಕ್ಕಳು ಆಗಲೂ ಬರುತ್ತವೆ, ನಿದ್ದೆ ತಡೆಯದೆ ನೂಡಲ್ಸಿನ ತಟ್ಟೆಗೇ ಮುಖ ಇಟ್ಟು ಮಲಗುತ್ತವೆ. ನಮ್ಮ ಮೇಜಿಗೆ ಕೂರಿಸಿದ ಇಂಡಿಯಾನಾದ ಸಂಸಾರ ಮೊದಲ ದಿನ ನಿಮ್ಮ ಮಕ್ಕಳೆಲ್ಲಿ ಅಂತ ಕೇಳಿತು. ಇಲ್ಲ ಅಂದದ್ದಕ್ಕೆ ಆ ಹೆಂಗಸು ನನ್ನ ಕೈ ಹಿಡಿದು ಒತ್ತಿದಳು. ನಾನು ಕೈ ಬಿಡಿಸಿಕೊಂಡು ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ.

ದೊಡ್ಡವರಿಗೆ ಮಾತ್ರ ಅಂತ ಒಂದು ಈಜುಕೊಳ ಇದೆ. ಅಲ್ಲಿ ಎರಡು ಗಂಟೆ ಕೂತಿದ್ದೆ. ಸುತ್ತ ಇದ್ದವರೆಲ್ಲ ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಟ್ಟು ಬಂದವರು. ಪ್ರತಿಯೊಬ್ಬರ ಪಕ್ಕದಲ್ಲೂ ಹಡಗಿನವರು ಕೊಟ್ಟ ಪುಟ್ಟ ಫೋನು. ಒಂದು ಗುಂಯ್ ಅಂದರೆ ಇಪ್ಪತ್ತು ಜನ ಎದ್ದು ಕೂರುತ್ತಾರೆ. ಮಕ್ಕಳು ಎದುರಿಗಿಲ್ಲದ ಆ ಎರಡು ಗಂಟೆಯೂ ಅವರು ಮಾತಾಡಿದ್ದು ಮಕ್ಕಳ ವಿಷಯವೇ. ನಾನು ಎದ್ದು ಮತ್ತೆ ಡೆಕ್ಕು ಸುತ್ತಲು ಹೋದೆ.

ಗ್ಲೆನ್‌ನನ್ನು ನೋಡಬೇಕು ನೀನು. ಫ್ರಿಜ್ಜಿನ ಸದ್ದಿಗೆ ಮುಖ ಕಿವುಚುವ ಮನುಷ್ಯ ಜಾರುಬಂಡಿಯ ಸಾಲಿನಲ್ಲಿ ಏಳು ವರ್ಷದವರ ನಡುವೆ ನಿಂತಿರುತ್ತಾನೆ. ವಾಲ್ರಸ್ ವೇಷದ ಕ್ಯಾಪ್ಟನ್ ಜೊತೆ ಕುಣಿದ. "ನಿಂಗೇನಾಗಿದೆ? ರಜಕ್ಕೆ ಬಂದಿದೀವಿ ಕಣೇ, ಪರೀಕ್ಷೆಗಲ್ಲ" ಅನ್ನುತ್ತಾನೆ. ಅವನಿಗೇನು ಗೊತ್ತು.

ಮಕ್ಕಳಿಲ್ಲದವರಿಗೆ ಇದು ಚೆನ್ನಾಗಿರುತ್ತದಾ ಅಂತ ಯಾರಾದರೂ ನಿನ್ನನ್ನು ಕೇಳಿದರೆ, ಇಲ್ಲ ಅನ್ನು. ಇವರು ಒಂದು ನಿಮಿಷ ಸುಮ್ಮನಿರುವುದಿಲ್ಲ, ನನ್ನನ್ನೂ ಇರಲು ಬಿಡುವುದಿಲ್ಲ. ಈಗಲೂ ಪಕ್ಕದ ಕ್ಯಾಬಿನ್ನಿನ ಹುಡುಗಿ ಬಾಗಿಲು ಬಡಿಯುತ್ತಿದ್ದಾಳೆ. ನಿಲ್ಲಿಸುತ್ತೇನೆ.

ಕೊರಿನ್

—

ಅಮರಿಲೊ
7 ಮೇ 2009

ಕೊರಿನ್,

ಹಡಗಿನ ಪತ್ರ ನಿನ್ನೆ ಬಂತು. ಎರಡು ಸಲ ಓದಿದೆ. ನಿನಗೆ ನೇರವಾಗಿ ಇಲ್ಲ ಅನ್ನಲು ಸಂಕೋಚ, ಅದಕ್ಕೆ ಹಡಗಿನ ಮೇಲೆ ಹಾಕಿ ಹೇಳಿದ್ದೀಯ. ಪರವಾಗಿಲ್ಲ, ಅರ್ಥವಾಯಿತು. ನನಗೆ ಸಿಟ್ಟಿಲ್ಲ. ಇದ್ದಿದ್ದರೆ ಫೋನ್ ಮಾಡುತ್ತಿದ್ದೆ.

ಈ ದಿನ ವಿಲ್ಮಾ ಅವರ ಸಹಿಯಾದ ಕಾಗದವನ್ನು ಕೊಟ್ಟುಬಂದೆ. ಅವರ ಮನೆಯಲ್ಲಿ ಏಳೂವರೆಗೆ ಮಲಗಬೇಕು, ತಟ್ಟೆಯಲ್ಲಿ ಬೀನ್ಸ್ ಬಿಡುವಂತಿಲ್ಲ. ಟೆಸ್ಸಾ ಬೀನ್ಸ್ ತಿನ್ನಲು ಕಲಿಯುತ್ತಾಳೆ. ಮಕ್ಕಳು ಏನೆಲ್ಲ ಕಲಿಯುವುದಿಲ್ಲ.

ನೀನು ಆರಾಮಾಗಿರು.

ಡಾರ್ಲಾ

—

ಡೇಟನ್
11 ಮೇ 2009

ಡಾರ್ಲಾ,

ನೀನು ಬರೆದದ್ದನ್ನು ಓದಿದ ಮೇಲೆ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಕೌಂಟರಿನಿಂದ ಎದ್ದು ಹಿಂದಿನ ಗೋದಾಮಿಗೆ ಹೋಗಿ ಬಟ್ಟೆಯ ಥಾನುಗಳ ಮಧ್ಯೆ ನಿಂತು ಅತ್ತೆ. ಹಡಗಿನಲ್ಲಿ ಏನಾಯಿತೆಂದು ನಿನಗೆ ನಾನು ಹೇಳಲಿಲ್ಲ. ನಾಚಿಕೆಯಾಗಿತ್ತು. ಈಗ ಹೇಳುತ್ತೇನೆ, ನಗುವುದಿದ್ದರೆ ನಗು.

ಈ ಹಡಗಿಗೆ ಹೋಗುವವರಲ್ಲಿ ಒಂದು ಪದ್ಧತಿ ಇದೆ. ಕ್ಯಾಬಿನ್ನಿನ ಬಾಗಿಲ ಪಕ್ಕದ ಕೊಕ್ಕೆಗೆ ಬಟ್ಟೆಯ ಚೀಲಗಳ ಒಂದು ಪಟ್ಟಿ ತೂಗುಹಾಕುತ್ತಾರೆ, ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಚೀಲ, ಮೇಲೆ ಹೆಸರು. ತಿಂಗಳುಗಳ ಮೊದಲೇ ಕಂಪ್ಯೂಟರಿನಲ್ಲಿ ಗುಂಪು ಮಾಡಿಕೊಂಡಿರುತ್ತಾರೆ. ಆ ಗುಂಪಿನವರು ದಿನಾ ಓಡಾಡುತ್ತ ಒಬ್ಬರ ಚೀಲದಲ್ಲಿ ಇನ್ನೊಬ್ಬರು ಸಣ್ಣಪುಟ್ಟ ಉಡುಗೊರೆ ಹಾಕುತ್ತಾರೆ, ಯಾರ ಕಣ್ಣಿಗೂ ಬೀಳದ ಹಾಗೆ. ಹೊಲಿಗೆ ಅಂದರೆ ನನಗೆ ಗೊತ್ತಲ್ಲ, ಕೊನೆಗಳಿಗೆಯಲ್ಲಿ ನಾನೂ ಸೇರಿಕೊಂಡೆ. ಗುಂಪು ನಡೆಸುವ ಹೆಂಗಸು ತುಂಬಿಕೊಡಲು ಒಂದು ಪಟ್ಟಿ ಕಳಿಸಿದಳು. ದೊಡ್ಡವರ ಹೆಸರು, ಮಕ್ಕಳ ಹೆಸರು, ವಯಸ್ಸು, ಅವರಿಗೆ ಇಷ್ಟವಾದದ್ದು. ನಿನ್ನ ಮೊದಲ ಪತ್ರ ಬಂದು ಒಂದು ವಾರವಾಗಿತ್ತು. ನಾನು ಬರೆದೆ: ಟೆಸ್ಸಾ, ಎಂಟು ವರ್ಷ, ಕುದುರೆ, ನೇರಳೆ ಬಣ್ಣ.

ಯಾಕೆ ಬರೆದೆ ಅಂತ ಕೇಳಬೇಡ. ಬರೆದು ನೋಡಿದರೆ ಹೇಗಿರುತ್ತದೆ ಅಂತ ನೋಡಬೇಕಾಗಿತ್ತು. ನಿನ್ನ ಪತ್ರ ಬಂದ ಮೇಲೆ ಆ ಹಡಗಿಗೆ ಟಿಕೆಟ್ ತೆಗೆಸಿದ್ದೂ ಅದಕ್ಕೇ. ಏಳು ದಿನ ಮಕ್ಕಳ ಗದ್ದಲ ತಡೆದುಕೊಂಡರೆ ನಿನಗೆ ಹೌದು ಅನ್ನಬಹುದು ಅಂದುಕೊಂಡಿದ್ದೆ. ಗ್ಲೆನ್‌ಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಮೂರು ಚೀಲ ಹೊಲಿದೆ. ಮೂರನೆಯದು ನೇರಳೆ.

ಮೊದಲ ಸಂಜೆಯೇ ಅವಳ ಚೀಲದಲ್ಲಿ ಕುದುರೆಯ ಚಿತ್ರದ ಬಳೆ, ಸಾಬೂನಿನ ಗುಳ್ಳೆ ಬಿಡುವ ಸೀಸೆ, ಅವಳ ಹೆಸರು ಬರೆದ ಪೆನ್ಸಿಲ್ ಪೆಟ್ಟಿಗೆ ಬಿದ್ದಿದ್ದವು. ನಮ್ಮಿಬ್ಬರ ಚೀಲದಲ್ಲಿ ಒಂದೊಂದು ಚಾಕೊಲೇಟು. ಗ್ಲೆನ್ ಕೇಳಿದ್ದಕ್ಕೆ, ಊರಿಗೆ ಹೋದ ಮೇಲೆ ಟೆಸ್ಸಾಳಿಗೆ ಕಳಿಸಲು ಒಂದು ಚೀಲ ಅಂದೆ.

ಎರಡನೇ ದಿನ ಪಕ್ಕದ ಕ್ಯಾಬಿನ್ನಿನ ಹುಡುಗಿ ಬಂದಳು. ಪೈಪರ್ ಅಂತ, ಒಂಬತ್ತು ವರ್ಷ, ವಿಸ್ಕಾನ್ಸಿನ್‌ನವಳು, ಮುಂದಿನ ಎರಡು ಹಲ್ಲು ದೊಡ್ಡವು. ಟೆಸ್ಸಾ ಆಡಲು ಬರುತ್ತಾಳಾ ಅಂತ ಕೇಳಿದಳು. ಇಲ್ಲಿ ಯಾರೂ ಇಲ್ಲ ಅಂದುಬಿಡಬಹುದಿತ್ತು. ನಾನು, ಅವಳಿಗೆ ಹಡಗಿನ ತಲೆಸುತ್ತು, ಮಲಗಿದ್ದಾಳೆ ಅಂದೆ. ಸಂಜೆ ಪೈಪರ್ ಒಂದು ಹಸಿರು ಸೇಬು, ಉಪ್ಪು ಬಿಸ್ಕತ್ತು ತಂದುಕೊಟ್ಟಳು. ತಲೆಸುತ್ತಿಗೆ ಹಡಗಿನಲ್ಲಿ ಎಲ್ಲರೂ ಕೊಡುವ ಮದ್ದು ಅದು. ನಾನೇ ತಿಂದೆ.

ನಿನಗೆ ಪತ್ರ ಬರೆಯುತ್ತಿದ್ದಾಗ ಬಾಗಿಲು ಬಡಿದವಳು ಅವಳೇ. ನಾನು ತೆಗೆಯಲಿಲ್ಲ. ಅವಳು ಹೋಗಲೂ ಇಲ್ಲ. ಹೊರಗೆ ನೆಲದ ಮೇಲೆ ಕೂತು, "ಟೆಸ್ಸಾ, ನೀನು ಏಳ್ಬೇಡ. ನಾನು ಓದ್ತೀನಿ, ನೀನು ಅಲ್ಲಿಂದಾನೇ ಕೇಳು. ಕೇಳ್ಸಿದ್ರೆ ಎರಡು ಸಲ ತಟ್ಟು" ಅಂದಳು. ಕುದುರೆಯ ಕಥೆ. ಒಂದು ಪುಟ ಓದಿ ನಿಲ್ಲಿಸಿದಳು. ನಾನು ಮಂಚದಿಂದ ಇಳಿದು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ, ಎರಡು ಸಲ ತಟ್ಟಿದೆ.

ಮೂರು ದಿನ ಹೀಗೆ ನಡೆಯಿತು, ಡಾರ್ಲಾ. ಮಧ್ಯಾಹ್ನದ ಊಟವಾದ ಮೇಲೆ ಗ್ಲೆನ್ ಜಾರುಬಂಡಿಗೆ ಹೋಗುತ್ತಿದ್ದ, ನಾನು ಕ್ಯಾಬಿನ್ನಿಗೆ ಓಡುತ್ತಿದ್ದೆ. ಡೆಕ್ಕಿನ ಮೇಲೆ ಸುತ್ತು ಹಾಕುವುದನ್ನು ಬಿಟ್ಟುಬಿಟ್ಟೆ. ಅವಳು ದೊಡ್ಡ ಪದಗಳಲ್ಲಿ ತಡವರಿಸುತ್ತಿದ್ದಳು, ಬಾಗಿಲು ತೆಗೆದು ತಿದ್ದಿಬಿಡೋಣ ಅನ್ನಿಸುತ್ತಿತ್ತು.

ಸಮುದ್ರದಲ್ಲಿ ಹೊಟ್ಟೆಯ ಕಾಯಿಲೆ ಅಂದರೆ ಹಡಗಿನವರಿಗೆ ಜೀವಭಯ, ಒಬ್ಬರಿಂದ ಇಡೀ ಹಡಗಿಗೆ ಹರಡುತ್ತದೆ. ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ನಾಲ್ಕು ದಿನದಿಂದ ಮಲಗಿರುವ ಮಗು ಅಂದರೆ ಬರೀ ತಲೆಸುತ್ತಲ್ಲ ಅಂತ ಪೈಪರಳ ತಾಯಿ ಜೊಲೀನ್‌ಗೆ ಗಾಬರಿಯಾಗಿ, ಒಳ್ಳೆಯ ಮನಸ್ಸಿನಿಂದಲೇ ವೈದ್ಯರಿಗೆ ತಿಳಿಸಿದಳು. ಐದನೇ ದಿನ ಮಧ್ಯಾಹ್ನ ಕೈಗವಸು, ಮುಖಕ್ಕೆ ಬಟ್ಟೆ ಹಾಕಿಕೊಂಡ ನರ್ಸು ಒಬ್ಬಳು ಬಂದಳು, ಹಿಂದೆ ಔಷಧಿ ಸಿಂಪಡಿಸುವ ಇಬ್ಬರು. ಜೊಲೀನ್ ಮತ್ತು ಪೈಪರ್ ತಮ್ಮ ಬಾಗಿಲಲ್ಲಿ ನಿಂತಿದ್ದರು. ನರ್ಸು ತನ್ನ ಪಟ್ಟಿ ನೋಡಿ, ಈ ಕ್ಯಾಬಿನ್ನಿನಲ್ಲಿ ಇಬ್ಬರೇ ಇರುವುದು ಅಂತ ಬರೆದಿದೆಯಲ್ಲ, ಕಾಯಿಲೆಯ ಮಗು ಎಲ್ಲಿದೆ ಅಂತ ಕೇಳಿದಳು. ಅಷ್ಟರಲ್ಲಿ ಗ್ಲೆನ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೀರು ತೊಟ್ಟಿಕ್ಕಿಸುತ್ತ ಬಂದ. "ಯಾವ ಮಗು?" ಅಂದ.

ಮಗು ಇಲ್ಲ ಅಂದೆ. ಇನ್ನೇನು ಹೇಳಲಿ. ಜೊಲೀನ್ ಪೈಪರಳ ಭುಜ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು, ನಾನೇನೋ ಅವಳನ್ನು ಹೊತ್ತುಕೊಂಡು ಹೋಗುವವಳ ಹಾಗೆ. ಆ ಹುಡುಗಿ ಅಳಲಿಲ್ಲ. ನೇರ ನನ್ನ ಮುಖ ನೋಡಿ, "ಹಂಗಾದ್ರೆ ತಟ್ತಾ ಇದ್ದಿದ್ಯಾರು?" ಅಂದಳು.

"ನಾನು" ಅಂದೆ. ಅವಳು ಒಳಗೆ ಹೋದಳು. ಉಳಿದ ಎರಡು ದಿನ ಆ ಓಣಿಯಲ್ಲಿ ಯಾರೂ ನಮ್ಮ ಜೊತೆ ಮಾತಾಡಲಿಲ್ಲ. ಗ್ಲೆನ್ ಮಾತ್ರ ರಾತ್ರಿಯೂಟ ಬಿಟ್ಟು ನನ್ನ ಪಕ್ಕ ಕೂತು, ಮೊದಲೇ ಹೇಳಬಾರದಿತ್ತಾ ಅಂತ ಅಷ್ಟೇ ಕೇಳಿದ. ಆಮೇಲೆ, ಟೆಸ್ಸಾ ನಮ್ಮ ಮನೆಯಲ್ಲಿದ್ದರೆ ಹಿಂದಿನ ಕೋಣೆಯ ಹಳೇ ಪಿಯಾನೊ ಅಲ್ಲಿಂದ ತೆಗೆಯಬೇಕಾಗುತ್ತದೆ ಅಂದ. ಅವನ ಹೌದು ಹೀಗೇ ಬರುತ್ತದೆ.

ವಿಲ್ಮಾ ಅವರ ಹೆಸರು ತೆಗೆದು ನನ್ನ ಹೆಸರು ಹಾಕು. ಬೇಡಿಕೊಳ್ಳುತ್ತೇನೆ.

ಕೊರಿನ್

—

ಅಮರಿಲೊ
18 ಮೇ 2009

ಕೊರಿನ್,

ನಗಲಿಲ್ಲ. ಪೈಪರ್ ಕೇಳಿದ ಜಾಗದಲ್ಲಿ ಪತ್ರ ಮಡಿಸಿಟ್ಟು ಲಾರಿ ಶೆಡ್ಡಿಗೆ ಹೋದೆ, ಸಂಜೆ ಬಂದು ಉಳಿದದ್ದು ಓದಿದೆ.

ನಿನಗೆ ಬೇಜಾರಾಗುವ ಮಾತು ಹೇಳುತ್ತೇನೆ. ನೀನು ಇಷ್ಟಪಟ್ಟದ್ದು ಟೆಸ್ಸಾಳನ್ನಲ್ಲ. ಮಂಚದ ಮೇಲೆ ಸದ್ದಿಲ್ಲದೆ ಮಲಗಿದ, ಸೇಬು ಕೇಳದ, ವಾಂತಿ ಮಾಡಿಕೊಳ್ಳದ ಒಂದು ಹೆಸರನ್ನು. ಕಾಣದ ಮಗುವನ್ನು ಯಾರು ಬೇಕಾದರೂ ಸಾಕಬಹುದು. ನನ್ನ ಮಗಳು ಕಾಣುತ್ತಾಳೆ. ಸುಳ್ಳು ಹೇಳುತ್ತಾಳೆ, ಆದೇಶ ಬಂದಾಗಿನಿಂದ ಕಚ್ಚುತ್ತಾಳೆ ಕೂಡ. ಶಾಲೆಯಿಂದ ಎರಡು ಸಲ ಚೀಟಿ ಬಂದಿದೆ, ನಿನಗೆ ಬರೆದಿರಲಿಲ್ಲ. ಅವಳಿಗೆ ಈಗ ಕುದುರೆ ಇಷ್ಟವಿಲ್ಲ. ನೇರಳೆಯೂ ಇಲ್ಲ. ಅದೆಲ್ಲ ಎರಡು ವರ್ಷದ ಹಿಂದಿನ ಮಾತು.

ಇನ್ನೊಂದು. ಯಾರಾದರೂ ಸರಿ ಅಂತ ಮಾರ್ಚಿನಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಅಮ್ಮ ಹೋದಾಗ ನನಗೆ ಹನ್ನೊಂದು ವರ್ಷ, ನಿನಗೆ ಇಪ್ಪತ್ತು. ಇಷ್ಟವಿತ್ತೋ ಇಲ್ಲವೋ, ನನ್ನನ್ನು ಬೆಳೆಸಿದವಳು ನೀನು. ನಿನಗೆ ಮಕ್ಕಳು ಸಾಕಾಗಿಹೋದದ್ದು ನನ್ನಿಂದಲೇ ಅಂತ ನಾನು ಅಂದುಕೊಂಡಿದ್ದೇನೆ. ಅದಕ್ಕೇ ಒತ್ತಾಯ ಮಾಡಲಿಲ್ಲ.

ಕಾಗದವನ್ನು ನಾನು ಹೊರಡುವವರೆಗೂ ಬದಲಾಯಿಸಬಹುದು. ಜೂನ್ ಐದಕ್ಕೆ ಶಾಲೆ ಮುಗಿಯುತ್ತದೆ. ಅವಳನ್ನು ಹತ್ತು ದಿನ ಕಳಿಸುತ್ತೇನೆ. ಆಮೇಲೆ ನಿಜ ಬರೆ. ಚೆನ್ನಾಗಿತ್ತು ಅಂತ ಬರೆದರೆ ನಾನು ನಂಬುವುದಿಲ್ಲ.

ಡಾರ್ಲಾ

—

ಡೇಟನ್
15 ಜೂನ್ 2009

ಡಾರ್ಲಾ,

ಚೆನ್ನಾಗಿರಲಿಲ್ಲ.

ಮೊದಲನೇ ದಿನ ವಿಮಾನ ನಿಲ್ದಾಣದಿಂದ ಬರುವಾಗಲೇ ಕಾರಿನಲ್ಲಿ ವಾಂತಿ. ಎರಡನೇ ದಿನ ತಲೆಯಲ್ಲಿ ಹೇನು ಕಂಡವು. ಮೂರು ಗಂಟೆ ಕೂತು ಬಾಚಿದೆ, ಪ್ರತಿ ಎಳೆಗೂ ಕಿರುಚಿದಳು. ನಾಲ್ಕನೇ ದಿನ ಗ್ಲೆನ್‌ನ ಮಣಿಕಟ್ಟಿಗೆ ಕಚ್ಚಿದಳು. ಅವನು ಕೈ ನೋಡಿಕೊಂಡು, ಮೇಲಿನ ಹಲ್ಲುಗಳು ಸರಿಯಾಗಿ ಬರುತ್ತಿವೆ ಅಂದ. ನಾನು ಹಾಗಲ್ಲ. ನಾನು ಕೂಗಾಡಿದೆ. ಇಂಥ ಹಟಮಾರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವಳು ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಕ್ಷಮೆ ಕೇಳಿದರೆ ಟಿವಿಯ ಸದ್ದು ಜಾಸ್ತಿ ಮಾಡಿದಳು. ನಿನ್ನ ಅಂಗಿಯೊಂದನ್ನು ತಂದಿದ್ದಾಳೆ ಗೊತ್ತಾ, ಸೇನೆಯದು, ಗ್ರೀಸ್ ವಾಸನೆಯದು. ಅದನ್ನು ಒಗೆಯಲು ಬಿಡುವುದಿಲ್ಲ. ಮನೆಯಲ್ಲಿ ಒಂದು ಟವೆಲ್ಲೂ ಮಡಿಸಿದ ಸ್ಥಿತಿಯಲ್ಲಿಲ್ಲ.

ನನ್ನನ್ನು ಬೆಳೆಸಿ ನಿನಗೆ ಸಾಕಾಯಿತು ಅಂತ ಬರೆದಿದ್ದೆಯಲ್ಲ. ಹೌದು, ಸಾಕಾಗಿತ್ತು. ಇಪ್ಪತ್ತು ವರ್ಷದವಳಿಗೆ ಸಾಕಾಗದೆ ಇನ್ನೇನು. ಆದರೆ ನಿನ್ನನ್ನು ಬೇರೆ ಯಾರಿಗಾದರೂ ಕೊಟ್ಟುಬಿಡೋಣ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಅದನ್ನು ನಿನಗೆ ಹೇಳಬೇಕು ಅಂತ ನನಗೆ ಯಾಕೆ ಹೊಳೆಯಲಿಲ್ಲವೋ.

ನಿನ್ನೆ ಬೆಳಗ್ಗೆ ಅವಳಿಗೆ ಕಾಗದದ ಹಾಗೆ ತೆಳ್ಳಗೆ ಪ್ಯಾನ್‌ಕೇಕ್ ಹುಯ್ದು ಕೊಡುತ್ತಿದ್ದೆ. ಹೀಗೆ ತೆಳ್ಳಗೆ ಇದ್ದರೇ ತಿನ್ನುತ್ತಾಳೆ, ಇದನ್ನೂ ನೀನು ಬರೆದಿರಲಿಲ್ಲ. ತಲೆ ಎತ್ತದೆ ಕೇಳಿದಳು, "ಅಮ್ಮ ಅಲ್ಲಿ ಸತ್ತೋದ್ರೆ ನಾನು ಇಲ್ಲೇ ಇರ್ಬೇಕಾ?"

ಹಾಗೆಲ್ಲ ಮಾತಾಡಬಾರದು ಅನ್ನಬಹುದಿತ್ತು. ಅಮ್ಮನಿಗೆ ಏನೂ ಆಗುವುದಿಲ್ಲ ಅನ್ನಬಹುದಿತ್ತು. ಹಡಗಿನಿಂದ ಬಂದ ಮೇಲೆ ಮಗುವಿಗೆ ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಲೆ ಆರಿಸಿ ಅವಳ ಎದುರು ಕೂತೆ.

"ಹೌದು," ಅಂದೆ. "ಇಲ್ಲೇ. ನನ್ ಹತ್ರಾನೇ."

"ಕಚ್ಚಿದ್ರೂ?"

"ಕಚ್ಚಿದ್ರೂ."

ಅವಳು ತಟ್ಟೆ ಮುಂದಕ್ಕೆ ತಳ್ಳಿದಳು. ಇನ್ನೊಂದು ಹುಯ್ದು ಕೊಟ್ಟೆ.

ಈ ದಿನ ಬೆಳಗ್ಗೆ ಬ್ಯಾಂಕಿನ ನೋಟರಿಯ ಎದುರು ಸಹಿ ಹಾಕಿದೆ, ನೀನು ಅವಳ ಜೊತೆ ಕಳಿಸಿದ ಎರಡು ಕಾಗದಕ್ಕೂ, ಸೇನೆಯದಕ್ಕೂ ಉಯಿಲಿನ ಒಪ್ಪಿಗೆಗೂ. ಟೆಸ್ಸಾ ಪಕ್ಕದಲ್ಲೇ ನಿಂತು ನನ್ನ ಹೆಸರಿನ ಪ್ರತಿ ಅಕ್ಷರವನ್ನೂ ಪೊಲೀಸಿನವರ ಹಾಗೆ ನೋಡಿದಳು. ರಿಜಿಸ್ಟರ್ ಮಾಡಿ ಕಳಿಸಿದ್ದೇನೆ, ಗುರುವಾರ ನಿನ್ನ ಕೈ ಸೇರುತ್ತದೆ. ವಿಲ್ಮಾ ಅವರಿಗೆ ನೀನೇ ಫೋನ್ ಮಾಡಿ ಹೇಳು, ಅವರ ಮುಂದೆ ನನಗೆ ಧೈರ್ಯ ಸಾಲದು.

ನಿನ್ನ ಮಗಳಿಗೆ ನಾನು ಹೌದು ಅಂದುಬಿಟ್ಟಿದ್ದೇನೆ, ಡಾರ್ಲಾ. ನಿನ್ನ ಕಾಲಿಗೆ ಬೀಳುತ್ತೇನೆ, ವಾಪಸ್ಸು ಬಂದು ನನ್ನ ಆ ಮಾತನ್ನು ಸುಳ್ಳು ಮಾಡು.

ಕೊರಿನ್